ಕಾಲಿದ್ದಷ್ಟು ಹಾಸಿಗೆ

ಜೋಲಿಯ ಉದ್ದದಲ್ಲಿ ಒಂದು ಮೊಳ ಕಡಿಮೆ ಮಾಡಿದರು. ಚೀಟಿಯ ಮೇಲಿದ್ದ ‘ದೊಡ್ಡದು’ ಎಂಬ ಮಾತನ್ನು ಹಾಗೇ ಬಿಟ್ಟರು.

ಕತ್ತರಿಸಿದವನು ಏಣಿಯಕ್ಕನ ಸ್ವಂತ ತಮ್ಮ. ಕತ್ತರಿಸಲು ಒಪ್ಪಿಗೆ ಕೊಟ್ಟವನು ಯಜಮಾನ. ಅದರಲ್ಲಿ ಮಲಗಿ ‘ನಿದ್ದೆ ಬರುತ್ತೆ’ ಎಂದು ಹೇಳಬೇಕಾಗಿದ್ದವಳು ಏಣಿಯಕ್ಕ.

ಜೋಲಿ ಎಂದರೆ ಮಕ್ಕಳದ್ದಲ್ಲ. ಕಾಡುಮೇಡು ಸುತ್ತುವವರು ಎರಡು ಮರಗಳ ನಡುವೆ ಕಟ್ಟಿಕೊಂಡು ಮಲಗುವ ಬಟ್ಟೆಯ ತೂಗುಹಾಸಿಗೆ. ಪೆಟ್ಟಿಗೆಯ ಮೇಲೆ ಹ್ಯಾಮಕ್ ಎಂದು ಅಚ್ಚಾಗಿರುತ್ತಿತ್ತು. ಹೊಲಿಯುವ ಹೆಂಗಸರ ಬಾಯಲ್ಲಿ ಮಾತ್ರ ಅದು ಜೋಲಿಯೇ. ಕಾರ್ಖಾನೆ ಅಂತ ಹೆಸರಿಗೆ. ಇದ್ದದ್ದು ತಗಡಿನ ಸೂರಿನ ಉದ್ದನೆಯ ಒಂದು ಕೋಣೆ. ಒಂದು ತುದಿಯಲ್ಲಿ ಬಟ್ಟೆ ಕತ್ತರಿಸುವ ಮೇಜು, ನಡುವೆ ಹೊಲಿಗೆ ಯಂತ್ರಗಳ ಸಾಲು, ಇನ್ನೊಂದು ತುದಿಯಲ್ಲಿ ಹಗ್ಗ ಪೋಣಿಸಿ ಚೀಲಕ್ಕೆ ತುಂಬುವ ಜಾಗ, ಅದರಾಚೆ ಬೀದಿಗೆ ಬಾಗಿಲಿದ್ದ ಸಣ್ಣ ಮಳಿಗೆ. ಹಗ್ಗದವರ ಪಕ್ಕದಲ್ಲಿ ಸೂರನ್ನು ಹೊತ್ತು ನಿಂತಿದ್ದ ಎರಡು ಕಬ್ಬಿಣದ ಕಂಬಗಳಿಗೆ ಸದಾ ಒಂದು ಜೋಲಿ ಕಟ್ಟಿರುತ್ತಿತ್ತು. ಏಣಿಯಕ್ಕನ ಕೆಲಸ ಅಲ್ಲಿ. ಅವಳ ಕೆಲಸ ಮಲಗುವುದು.

ಮಲಗಿ ಸಂಬಳ ತಗೊಳ್ಳೋ ಪುಣ್ಯವಂತೆ ಎಂದು ಹೊಸದಾಗಿ ಸೇರಿದವರೆಲ್ಲ ಆಡಿಕೊಳ್ಳುತ್ತಿದ್ದರು. ನೀವೂ ತಗೊಳ್ಳಿ, ಮೊದಲು ನನ್ನಷ್ಟು ಬೆಳೀರಿ ಎಂದು ಅವಳು ಹೇಳುತ್ತಿದ್ದಳು. ಅವಳಷ್ಟು ಬೆಳೆಯುವುದು ಆಗದ ಮಾತು. ಗಂಡಸರ ನಡುವೆ ನಿಂತರೂ ಅವಳ ತಲೆ ಎಲ್ಲರ ಮೇಲೆ ಕಾಣುತ್ತಿತ್ತು. ಬಸ್ಸಿನಲ್ಲಿ ಕತ್ತು ವಾಲಿಸಿಕೊಂಡು ನಿಲ್ಲಬೇಕು. ಕನ್ನಡಿಗಳೆಲ್ಲ ಅವಳ ಗದ್ದದವರೆಗೇ ತೋರಿಸುತ್ತಿದ್ದವು. ನೋಡಲು ಬಂದ ಗಂಡಿನ ಕಡೆಯವರು ಅವಳು ಕೂತಿದ್ದಾಗ ಒಪ್ಪಿ, ಎದ್ದು ನಿಂತಾಗ ಎದ್ದು ಹೋಗಿದ್ದರು. ಮೊದಲು ಕೆಲಸಕ್ಕಿದ್ದ ಕಡೆಯಲ್ಲೆಲ್ಲ ಹೊಲಿಗೆ ಯಂತ್ರದ ಮೇಜು ಅವಳ ಮಂಡಿಗೆ ತಾಗುತ್ತಿತ್ತು. ಬಗ್ಗಿ ಬಗ್ಗಿ ಹೊಲಿದು ಬೆನ್ನು ಬಿಲ್ಲಾಗಿತ್ತು. ಇಲ್ಲಿಗೆ ಕೆಲಸ ಕೇಳಿಕೊಂಡು ಬಂದ ದಿನ ಬಾಗಿಲಿನ ಮೇಲ್ಪಟ್ಟಿ ಹಣೆಗೆ ಬಡಿದು ಅಲ್ಲೇ ಕುಕ್ಕರಿಸಿದ್ದಳು. ಆಗ ಕಾರ್ಖಾನೆ ನಡೆಸುತ್ತಿದ್ದವರು ಯಜಮಾನನ ತಾಯಿ. ಆ ಮುದುಕಿ ಅವಳ ಹಣೆಗೆ ನೀರು ಹಚ್ಚಿ, ಅಡಿಯಿಂದ ಮುಡಿಯವರೆಗೆ ನೋಡಿ, ಇಷ್ಟು ದಿನ ಎಲ್ಲಿದ್ದೆ ಮಾರಾಯ್ತಿ, ನಿನ್ನಂಥವಳಿಗೆ ಅಂತಲೇ ಕಾಯ್ತಿದ್ದೆ ಅಂದರಂತೆ. ಇವಳಿಗೆ ನಿದ್ದೆ ಬಂದರೆ ಲೋಕಕ್ಕೆಲ್ಲ ನಿದ್ದೆ ಬರುತ್ತೆ ಎಂಬುದು ಮುದುಕಿಯ ಲೆಕ್ಕ.

ಅಂದಿನಿಂದ ಅದೊಂದು ಕಟ್ಟಳೆಯಾಯಿತು. ಪ್ರತಿ ಸಲ ಹೊಸ ಬಟ್ಟೆಯ ಹೊಲಿಗೆ ಮುಗಿದಾಗ, ಹಗ್ಗ ಪೋಣಿಸುವ ಗುಬ್ಬಿ ಕಣ್ಣು ಮುಚ್ಚಿ ರಾಶಿಯಿಂದ ಒಂದನ್ನು ಎಳೆಯಬೇಕು. ಗುಬ್ಬಿ ಅಂದರೆ ಹೆಸರಿಗೆ ತಕ್ಕ ಗುಬ್ಬಿ, ಏಣಿಯಕ್ಕನ ಸೊಂಟಕ್ಕೆ ಬರುವಷ್ಟು. ಎಳೆದದ್ದನ್ನು ಕಂಬಗಳಿಗೆ ಕಟ್ಟಬೇಕು. ಏಣಿಯಕ್ಕ ಮಲಗಬೇಕು. ಗುಬ್ಬಿಯ ಕೈಯಲ್ಲಿನ ಹಗ್ಗದ ಕಂತೆ ಮುಗಿಯುವವರೆಗೆ ಯಾರೂ ಅವಳನ್ನು ಮಾತಾಡಿಸಕೂಡದು. ಆಮೇಲೆ ಅವಳು ಕಣ್ಣು ಬಿಟ್ಟು ‘ನಿದ್ದೆ ಬರುತ್ತೆ’ ಅನ್ನಬೇಕು, ಇಲ್ಲವೇ ‘ನಿದ್ದೆ ಬರಲ್ಲ’ ಅನ್ನಬೇಕು. ಬರುತ್ತೆ ಅಂದರೆ ಎಲ್ಲ ಚೀಲಗಳ ಮೇಲೂ ಮುದ್ರೆ ಬೀಳುತ್ತಿತ್ತು. ಉದ್ದಕ್ಕೆ ಕಾಲು ಚಾಚಿ ಮಲಗಿದ ಹೆಂಗಸೊಬ್ಬಳ ಮುದ್ರೆ, ಕೆಳಗೆ ‘ಮಲಗಿ ನೋಡಿದ್ದು’ ಎಂಬ ಮಾತು. ಮುದುಕಿ ಅವಳನ್ನು ಕತ್ತರಿಸುವ ಮೇಜಿನ ಮೇಲೆ ಮಲಗಿಸಿ, ಮೈಸುತ್ತ ಸೀಮೆಸುಣ್ಣ ಎಳೆದು ತೆಗೆದ ರೂಪ ಅದು. ಬರಲ್ಲ ಅಂದರೆ ಅಷ್ಟೂ ಮಾಲು ಹೊಲಿಗೆ ಬಿಚ್ಚಿಸಿಕೊಳ್ಳಲು ವಾಪಸು ಹೋಗುತ್ತಿತ್ತು. ಊರೆಲ್ಲ ಬಗ್ಗು ಅಂದ ಮೈಗೆ ಚಾಚು ಅಂದ ಜಾಗ ಅದೊಂದೇ.

ಮುದುಕಿ ತೀರಿಕೊಂಡರು. ಮಗ ಕುರ್ಚಿಗೆ ಬಂದ. ಕಟ್ಟಳೆ ಮಾತ್ರ ಉಳಿದಿತ್ತು, ಏಕೆಂದರೆ ಅಂಗಡಿಯವರು ಮುದ್ರೆ ನೋಡಿ ಮಾಲು ಎತ್ತುತ್ತಿದ್ದರು.

ತಮ್ಮನನ್ನು ಅಲ್ಲಿಗೆ ಕರೆತಂದವಳೂ ಅವಳೇ. ಅವನು ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಕತ್ತರಿ ಹಿಡಿದು ಪಳಗಿದವನು. ಕೈ ಚುರುಕು, ಕಣ್ಣು ಇನ್ನೂ ಚುರುಕು. ಒಂದು ಸಂಜೆ ಅಕ್ಕನನ್ನು ಮನೆಯ ಗೋಡೆಗೆ ಒರಗಿಸಿ ನಿಲ್ಲಿಸಿ, ನೆತ್ತಿಯ ಮೇಲೆ ಪೆನ್ಸಿಲ್ ಗೀರು ಎಳೆದು ಟೇಪು ಹಿಡಿದ. ತನಗೆ ಕೋಟು ಹೊಲಿಸುತ್ತಾನೆ ಅಂದುಕೊಂಡು ಅವಳು ಒಳಗೊಳಗೇ ಹಿಗ್ಗಿದಳು, ತೋಳು ಹಿಡಿಯೋದು ಮರೀಬೇಡ ಅಂತಲೂ ಹೇಳಿದಳು. ಅವನು ತೋಳು ಹಿಡಿಯಲಿಲ್ಲ. ಮರುದಿನ ಯಜಮಾನನ ಬಳಿ ಹೋಗಿ, ಇವಳಿಗಿಂತ ಉದ್ದದ ಮನುಷ್ಯರೇ ಇಲ್ಲ, ಇವಳ ಎತ್ತರಕ್ಕೆ ಒಂದು ಮೊಳ ಸೇರಿಸಿದರೆ ಧಾರಾಳವಾಯಿತು, ನಾವು ದಡ್ಡರ ಹಾಗೆ ಎರಡು ಮೊಳ ಕೊಡುತ್ತಿದ್ದೇವೆ ಎಂದು ಲೆಕ್ಕ ಒಪ್ಪಿಸಿದ. ಯಜಮಾನನಿಗೆ ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದ ಹಾಗಾಯಿತು. ತಮ್ಮನ ಕೈಗೆ ಬಟ್ಟೆ ಕೋಣೆಯ ಬೀಗದ ಕೈ ಬಂತು, ಕೂರಲು ಒಂದು ಕುರ್ಚಿ ಬಂತು, ಮೇಸ್ತ್ರಿ ಎಂಬ ಹೆಸರು ಬಂತು. ಆ ಸೀಸನ್ನಿನ ಬಟ್ಟೆಯೆಲ್ಲ ಪದರು ಪದರಾಗಿ ಮೇಜಿಗೆ ಬಿದ್ದು, ದುಂಡು ಬ್ಲೇಡಿನ ಯಂತ್ರ ಅದನ್ನು ಕೊಯ್ದು ಮುಗಿಸಿತು.

ಅಂಗಿ ಕತ್ತರಿಸುವವನು ಮಾತ್ರ ಮಾಡಬಹುದಾದ ತಪ್ಪು ಅದು. ಅಂಗಿ ನಿಂತವರಿಗೆ, ನಿಲ್ಲಿಸಿ ಅಳೆದರೆ ಸರಿಹೋಗುತ್ತದೆ. ಜೋಲಿ ಮಲಗುವವರಿಗೆ. ಅದರಲ್ಲಿ ನೆಟ್ಟಗೆ ಮಲಗಿದವರು ಬಾಳೆಕಾಯಿ ಆಗುತ್ತಾರೆ, ಕತ್ತು ಒಂದು ಕಡೆ ಎದ್ದು, ಕಾಲು ಒಂದು ಕಡೆ ಎದ್ದು, ಸೊಂಟ ಗುಂಡಿಯಲ್ಲಿ. ಓರೆಯಾಗಿ ಮಲಗಬೇಕು, ತಲೆ ಒಂದು ಬದಿಗೆ, ಕಾಲು ಎದುರು ಬದಿಗೆ. ಆಗಲೇ ಬಟ್ಟೆ ಹರಡಿಕೊಂಡು ಬೆನ್ನು ಚಪ್ಪಟೆಯಾಗುವುದು. ಓರೆಗೆ ಜಾಗ ಬೇಡವೇ? ಎರಡು ತುದಿಯಲ್ಲೂ ನೆರಿಗೆ ಹಿಡಿದು ಕಟ್ಟುವಾಗ ಗಂಟು ಒಂದಿಷ್ಟು ಬಟ್ಟೆ ತಿನ್ನುವುದಿಲ್ಲವೇ? ದಡ್ಡರು ಕೊಡುತ್ತಿದ್ದ ಆ ಎರಡನೆಯ ಮೊಳದಲ್ಲೇ ನಿದ್ದೆ ಇದ್ದದ್ದು.

ಮೊದಲ ರಾಶಿ ಹೊಲಿದು ಬಂದ ದಿನ ಏಣಿಯಕ್ಕ ಎಂದಿನಂತೆ ಮಲಗಿದಳು. ಹಿಮ್ಮಡಿ ಎರಡೂ ಬಟ್ಟೆಯ ಅಂಚಿನಾಚೆ ಹೋದವು. ಮೇಲಕ್ಕೆ ಜರುಗಿದಳು, ಕತ್ತು ಮಡಚಿಕೊಂಡಿತು. ಕೆಳಕ್ಕೆ ಜರುಗಿದಳು, ಹೆಗಲೆರಡನ್ನೂ ಯಾರೋ ಅಮುಕಿ ಹಿಡಿದಂತಾಯಿತು. ಕಂತೆ ಮುಗಿಯುವವರೆಗೂ ಕಾಯದೆ ಕಣ್ಣು ಬಿಟ್ಟು “ನಿದ್ದೆ ಬರಲ್ಲ” ಅಂದಳು.

ಯಂತ್ರಗಳು ಒಂದೊಂದಾಗಿ ನಿಂತವು. ಯಜಮಾನ ಬಂದು ನಗುನಗುತ್ತಲೇ, ರಾತ್ರಿ ಚೆನ್ನಾಗಿ ನಿದ್ದೆ ಆಗಿರಬೇಕು, ಅದಕ್ಕೇ ಈಗ ಬರ್ತಿಲ್ಲ ಅಂದ. ಬೇರೆ ಯಾರಾದರೂ ಮಲಗಿ ಎಂದು ಸುತ್ತ ನೋಡಿ ಗುಬ್ಬಿಯನ್ನೇ ಎತ್ತಿ ಹಾಕಿಸಿದ. ಗುಬ್ಬಿ ಜೋಲಿಯೊಳಗೆ ಕಾಣದಾಗಿ ಹೋದಳು. ಏನಮ್ಮ, ನಿದ್ದೆ ಬರುತ್ತಾ ಎಂದು ಕೇಳಿದ್ದಕ್ಕೆ ಒಳಗಿಂದ ದನಿ ಬಂತು. “ನಂಗೆ ದಿಂಬಿನ ಚೀಲದಲ್ಲೂ ಬರುತ್ತೆ ಸಾರ್. ನನ್ನ ಮಾತು ಕೇಳಿ ಕೆಡಬೇಡಿ.”

ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡರು. ಯಜಮಾನನ ನಗು ಅಷ್ಟಕ್ಕೇ ನಿಂತಿತು.

ಮನೆಯಲ್ಲಿ ತಮ್ಮ ಅನ್ನ ಕಲಸುತ್ತ ಕೂತಿದ್ದ, ತಿನ್ನುತ್ತಿರಲಿಲ್ಲ. ತಾನು ಅಳತೆ ತಪ್ಪಿದ್ದು ಅವನಿಗೆ ಅಕ್ಕ ಹೇಳುವ ಮುಂಚೆಯೇ ಗೊತ್ತಾಗಿತ್ತು. ಮೊದಲ ಜೋಲಿ ಕಂಬಕ್ಕೆ ಏರಿದಾಗಲೇ ಗೊತ್ತಾಗಿತ್ತಂತೆ. ಯಜಮಾನನಿಗೂ ಹೇಳಿದ್ದನಂತೆ. ಯಜಮಾನ, ಚೀಟಿ ಓದೋದು ಅಂಗಡಿಯಲ್ಲಿ, ಕಾಲು ಚಾಚೋದು ಕಾಡಿನಲ್ಲಿ, ಅಲ್ಲಿಂದ ಯಾರು ಕೂಗಿದರೆ ಯಾರಿಗೆ ಕೇಳುತ್ತೆ ಅಂದನಂತೆ. ತಪ್ಪಾಗಿದ್ದದ್ದು ಮೋಸವಾದದ್ದು ಆ ಗಳಿಗೆಯಲ್ಲಿ. ಇದನ್ನೆಲ್ಲ ತಮ್ಮ ತಟ್ಟೆಗೆ ಹೇಳಿದ, ಅಕ್ಕನ ಮುಖಕ್ಕಲ್ಲ.

“ಚೀಟಿ ಬದಲಾಯಿಸಿ. ‘ಸಣ್ಣದು’ ಅಂತ ಹಾಕಿ,” ಎಂದಳು ಏಣಿಯಕ್ಕ. “ಗಿಡ್ಡ ಇರೋರು ತಗೋತಾರೆ. ಗುಬ್ಬಿ ಮಲಗಿ ಮುದ್ರೆ ಒತ್ತಲಿ. ಯಾರಿಗೂ ಮೋಸ ಇಲ್ಲ.”

“ಸಣ್ಣದಕ್ಕೆ ದೊಡ್ಡದರ ರೇಟು ಬರುತ್ತಾ ಅಕ್ಕ? ಕುರ್ಚಿ ಕೊಟ್ಟ ವಾರದಲ್ಲೇ ಕಿತ್ಕೋತಾರೆ. ಕತ್ತರಿಸಿದ ಬಟ್ಟೆ ಬೆಳೆಯಲ್ಲ. ನೀನು ಒಂದು ಮಾತು ಹೇಳಿಬಿಡು, ಅಷ್ಟೇ.”

“ನನ್ನ ಹತ್ರ ಇರೋದೇ ಆ ಒಂದು ಮಾತು ಕಣೋ.”

ನಾನು ಬೀದಿಗೆ ಬಿದ್ದರೆ ನಿನಗೆ ಸಂತೋಷವಾ ಎಂದು ಅವನು ಕೇಳಿದ. ಅವಳು ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು. ಅವನ ಶಾಲೆಯ ಫೀಸಿಗೆಂದು ಬೆನ್ನು ಬಿಲ್ಲಾಗಿಸಿಕೊಂಡವಳು ಅವಳು. ಆ ಮಾತನ್ನು ಇಬ್ಬರೂ ಎತ್ತಲಿಲ್ಲ.

ಆ ವಾರವೇ ಮಳಿಗೆಗೆ ಲಾರಿ ಡ್ರೈವರ್ ಬಂದ. ಹಳೇ ಗಿರಾಕಿ. ಅವನ ಕಾಡು ಎಂದರೆ ಹೆದ್ದಾರಿ. ಲಾರಿಯ ಹೊಟ್ಟೆಯ ಕೆಳಗೆ, ಹಿಂದಿನ ಗಾಲಿಗೂ ಮುಂದಿನ ಗಾಲಿಗೂ ನಡುವೆ ಜೋಲಿ ಕಟ್ಟಿ ಮಲಗುವವನು. ಮನೆಯ ಮಂಚಕ್ಕಿಂತ ಜೋಲಿಯಲ್ಲಿ ಕಳೆದ ರಾತ್ರಿಗಳೇ ಅವನಿಗೆ ಹೆಚ್ಚು. ಆಳೂ ಎತ್ತರ. ಹಳೆಯದು ಸವೆದು ಜಾಲರಿಯಾಗಿದೆ, ದೊಡ್ಡದೊಂದು ಕೊಡಿ ಅಂದ. ಮಲಗುವ ಕೆಲಸವಿಲ್ಲದಾಗ ಮಳಿಗೆ ನೋಡಿಕೊಳ್ಳುತ್ತಿದ್ದ ಏಣಿಯಕ್ಕ ಹೊಸ ರಾಶಿಯ ಕಡೆ ಕೈ ಹಾಕದೆ ಹಳೆಯ ಮಾಲು ಉಳಿದಿದೆಯೇ ಎಂದು ಹುಡುಕುತ್ತಿದ್ದಳು. ಅಷ್ಟರಲ್ಲಿ ಅವನೇ ಮೇಲಿನ ಚೀಲ ಎತ್ತಿಕೊಂಡು, ಈ ಮಲಗಿರೋ ಅಮ್ಮ ಇದ್ದ ಮೇಲೆ ಇನ್ನೇನು ನೋಡೋದು ಅಂದ.

ಅವಳು ತಿರುಗಿ ನೋಡಿದಳು. ಚೀಲದ ಮೇಲೆ ಮುದ್ರೆ ಬಿದ್ದಿತ್ತು. ಶಾಯಿ ಇನ್ನೂ ಹಸಿ. ಅದರ ಕೆಳಗಿನದಕ್ಕೂ ಬಿದ್ದಿತ್ತು, ಅದರ ಕೆಳಗಿನದಕ್ಕೂ. ಅವಳು ಬರಲ್ಲ ಅಂದದ್ದರ ಮೇಲೆ ಅವಳದೇ ಮೈ ಕಾಲು ಚಾಚಿ ಮಲಗಿತ್ತು.

ಅವನ ಕೈಯಿಂದ ಚೀಲ ಕಸಿದು, ಜೋಲಿ ಹೊರತೆಗೆದು, ಕಂಬಕ್ಕೆ ಕಟ್ಟಿ, ಮಲಗಿ ಅಂದಳು. ಅವನು ಚಪ್ಪಲಿ ಬಿಟ್ಟು ಮಲಗಿದ. ಮಂಡಿ ಗಲ್ಲದ ಹತ್ತಿರ ಬಂತು. ಅತ್ತ ಹೊರಳಿದ, ಇತ್ತ ಹೊರಳಿದ, ಕಾಲು ಹೊರಗೆ ಹಾಕಿದ, ಒಳಗೆ ಎಳೆದುಕೊಂಡ.

“ಅಕ್ಕಾ, ಇದು ನನಗೆ ತೋರಿಸ್ತಿರೋದಾ, ನನ್ನ ಮಗನಿಗಾ?”

“ಇಳೀರಿ. ತಗೋಬೇಡಿ.”

“ದೊಡ್ಡದು ಅಂತ ಬರೆದಿದೆ?”

“ಬರೆದಿರುತ್ತೆ. ಎಲ್ಲಿ ತಗೊಂಡ್ರೂ ಬರೆದಿದ್ದು ನೋಡಬೇಡಿ. ನೆಲದ ಮೇಲೆ ಹಾಸಿ, ಪಕ್ಕದಲ್ಲಿ ಮಲಗಿ. ನಿಮ್ಮ ತಲೆ ಆಚೆ ಒಂದು ಮೊಳ, ಪಾದದ ಆಚೆ ಒಂದು ಮೊಳ ಬಟ್ಟೆ ಉಳೀಬೇಕು. ಉಳಿದ್ರೆ ನಿಮ್ಮದು. ಅಗಲ ತೋರಿಸಿ ದೊಡ್ಡದು ಅಂತಾರೆ, ಮರುಳಾಗಬೇಡಿ. ಅಗಲ ಜಾಸ್ತಿ ಆದ್ರೆ ಮುಖಕ್ಕೆ ಬಡಿಯುತ್ತೆ ಅಷ್ಟೇ. ಕಟ್ಟೋವಾಗ ಬಿಗಿಯಾಗಿ ಎಳೀಬೇಡಿ, ಜೋತು ಬೀಳಲಿ. ಬಿಗಿದ ಜೋಲಿ ಹೆಗಲು ಮುರಿಯುತ್ತೆ. ನಿಮಗೆ ಕತ್ತು ಹಿಡಿದ್ರೆ ರಸ್ತೆಯಲ್ಲಿ ಹೋಗೋರ ಗತಿ ಏನು?”

ಡ್ರೈವರ್ ಮುದ್ರೆಯನ್ನೂ ಅವಳನ್ನೂ ಒಂದು ಸಲ ನೋಡಿ, ಖಾಲಿ ಕೈಯಲ್ಲಿ ಹೋದ. ಹೋಗುವಾಗ ನಿಲ್ದಾಣದಲ್ಲಿ ನಾಲ್ಕು ಜನಕ್ಕೆ ಹೇಳುತ್ತೇನೆ ಅಂದದ್ದು ಒಳಗಿನವರೆಗೂ ಕೇಳಿಸಿತು.

ಯಜಮಾನ ಕರೆಸಿದ. ಬೈಯಲಿಲ್ಲ. ಕೂತ್ಕೊಳ್ಳಿ ಅಂದ, ಟೀ ತರಿಸಿದ. ನೀವು ನಮ್ಮ ತಾಯಿ ಕಾಲದೋರು ಎಂದು ಶುರುಮಾಡಿ, ಡ್ರೈವರ್ ನಾಲ್ಕು ಜನಕ್ಕೆ ಹೇಳಿದರೂ ನಾವು ಸಾವಿರ ಜನಕ್ಕೆ ಹೇಳಬಹುದು ಎಂದು ವಿವರಿಸಿದ. ನಾಳೆ ಪೆಟ್ಟಿಗೆಗೆ ಹೊಸ ಚಿತ್ರ ತೆಗೆಯಲು ಫೋಟೋದವನು ಬರುತ್ತಾನೆ. ಇಷ್ಟು ಎತ್ತರದ ಹೆಂಗಸು ಇದರಲ್ಲಿ ಹಾಯಾಗಿ ಮಲಗಿರುವುದನ್ನು ಕಂಡ ಮೇಲೆ ಚಿಕ್ಕದು ಅನ್ನಲು ಯಾವನಿಗೆ ಬಾಯಿ ಬರುತ್ತದೆ? ಗುಬ್ಬಿಯಂಥವರನ್ನು ಮಲಗಿಸಿದರೆ ಏನೂ ಸಾಬೀತಾಗುವುದಿಲ್ಲ. ಮಂಡಿ ಸ್ವಲ್ಪ ಮಡಚಿಕೊಂಡರೆ ಆಯಿತು, ಮೇಲೊಂದು ಕಂಬಳಿ ಹೊದಿಸುತ್ತೇವೆ, ಯಾರಿಗೂ ಕಾಣುವುದಿಲ್ಲ.

ನನಗೆ ಕಾಣುತ್ತಲ್ಲ ಅಂದಳು ಏಣಿಯಕ್ಕ.

“ನೋಡಮ್ಮ, ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ.”

ಹುಟ್ಟಿದಾಗಿನಿಂದ ಕೇಳಿದ ಗಾದೆ. ಕೂಲಿ ಹೆಚ್ಚು ಕೇಳಿದಾಗ ಕೇಳಿದ್ದಳು, ಬಾಡಿಗೆ ಮನೆಗೆ ಕಿಟಕಿ ಕೇಳಿದಾಗ ಕೇಳಿದ್ದಳು. ಹೇಳಿದವರೆಲ್ಲ ಹಾಸಿಗೆಯ ಬಟ್ಟೆ ಕೈಯಲ್ಲಿ ಹಿಡಿದವರೇ. ಕಾಲು ಚಾಚಿದವರ ತಪ್ಪನ್ನು ಹುಡುಕುವ ಗಾದೆ ಊರಿಗೊಂದಿದೆ. ಹಾಸಿಗೆ ಕತ್ತರಿಸಿದವರು ಯಾರೆಂದು ಕೇಳುವ ಗಾದೆ ಒಂದೂ ಇಲ್ಲ.

“ಹಾಸಿಗೆ ಹೊಲಿಯೋರು ನಾವೇ ಅಲ್ವಾ ಸಾರ್? ಕಾಲಿದ್ದಷ್ಟು ಹಾಸಿಗೆ ಹೊಲಿಯೋಣ.”

ಅವನು ಟೀ ಲೋಟ ಪಕ್ಕಕ್ಕೆ ಸರಿಸಿದ. ನಾಳೆ ಮಲಗಿದರೆ ಕೆಲಸ ಇದೆ, ಇಲ್ಲವಾದರೆ ಮಲಗುವ ಕೆಲಸವೇ ಈ ಕಾರ್ಖಾನೆಯಲ್ಲಿ ಇರುವುದಿಲ್ಲ ಅಂದ. ನಿನ್ನಂಥ ಎತ್ತರದ ಹೆಂಗಸಿಗೆ ಇನ್ನೆಲ್ಲಿ ಕೆಲಸ ಸಿಗುತ್ತೆ, ನೀನೇ ಯೋಚನೆ ಮಾಡು. ಹೋಗುವಾಗ ತಲೆ ತಗ್ಗಿಸು, ಮೇಲ್ಪಟ್ಟಿ ತಾಗುತ್ತೆ ಎಂದೂ ಸೇರಿಸಿದ.

ಅವಳು ಯೋಚನೆ ಮಾಡಿದಳು. ಮಂಡಿಗೆ ತಾಗುವ ಮೇಜುಗಳನ್ನು ನೆನೆದಳು, ತಮ್ಮನ ಕುರ್ಚಿಯನ್ನು ನೆನೆದಳು. ಹೆದರಲಿಲ್ಲ ಎಂದರೆ ಸುಳ್ಳಾದೀತು. ಬೆಳಿಗ್ಗೆ ಎದ್ದು ತಲೆ ಬಾಚಿಕೊಂಡು, ಒಗೆದ ಸೀರೆ ಉಟ್ಟು ಕೆಲಸಕ್ಕೆ ಹೋದಳು. ಮಲಗಲ್ಲ ಅಂತ ಅವಳು ಎಂದೂ ಅಂದವಳಲ್ಲ. ಅಂದೂ ಅನ್ನಲಿಲ್ಲ.

ಕಂಬಗಳ ಸುತ್ತ ಕುಂಡದ ಗಿಡಗಳನ್ನು ಜೋಡಿಸಿ ಕಾಡು ಮಾಡಿದ್ದರು. ಹೊಲಿಗೆಯವರು ಯಂತ್ರ ನಿಲ್ಲಿಸಿ ಕತ್ತು ಚಾಚಿದ್ದರು. ಫೋಟೋದವನು ದೀಪ ಹಚ್ಚಿದ. ಏಣಿಯಕ್ಕ ಜೋಲಿಯ ಅಂಚು ಹಿಡಿದು ಕೂತು, ಕಾಲೆತ್ತಿ, ಮೈ ಓರೆ ಮಾಡಿ ಮಲಗಿದಳು. ಎರಡು ಪಾದಗಳೂ ಬಟ್ಟೆ ದಾಟಿ ಬಂದು ಗಾಳಿಯಲ್ಲಿ ನಿಂತವು. ಒಡೆದ ಹಿಮ್ಮಡಿಗಳ ಮೇಲೆ ಅಷ್ಟೂ ಬೆಳಕು ಬಿತ್ತು.

ಫೋಟೋದವನು ಕ್ಯಾಮೆರಾದಿಂದ ಕಣ್ಣು ತೆಗೆದು, ಪಾದ ಬರ್ತಿದೆಯಲ್ಲ ಅಮ್ಮ, ಸ್ವಲ್ಪ ಒಳಗೆ ತಗೊಳ್ಳಿ ಅಂದ. ಅವಳು ತಗೊಳ್ಳಲಿಲ್ಲ. ಯಜಮಾನ ತಮ್ಮನಿಗೆ ಕಣ್ಣು ಮಾಡಿದ. ತಮ್ಮ ಕಂಬಳಿ ಹಿಡಿದು ಬಂದು ಅವಳ ಕಾಲ ಬಳಿ ನಿಂತ.

“ಅಕ್ಕ, ಮಂಡಿ ಮಡಚು. ಒಂದು ನಿಮಿಷ. ನನ್ನ ಸಲುವಾಗಿ.”

“ನಿನ್ನ ಸಲುವಾಗಿ ಬೇಕಾದಷ್ಟು ಬಗ್ಗಿದ್ದೀನಿ. ಇದು ನಿನ್ನ ಸಲುವಾಗಿ ಅಲ್ಲ.” ಅವಳ ದನಿ ಏರಲಿಲ್ಲ. “ಹೋಗು. ನಿನಗೂ ಗೊತ್ತು ಇದರಲ್ಲಿ ನಿದ್ದೆ ಬರಲ್ಲ ಅಂತ.”

“ಏಣಿ ಹತ್ತಿ ಕೂತ್ಮೇಲೆ ಏಣೀನ ಮಡಚಿಡೋಕೆ ಬಂದ ನೋಡು,” ಎಂದು ಗುಬ್ಬಿ ಹಗ್ಗದ ಕಂತೆಗೆ ಹೇಳಿದಳು, ಕೋಣೆಗೆಲ್ಲ ಕೇಳುವಂತೆ. ಯಾರೂ ನಗಲಿಲ್ಲ. ತಮ್ಮನ ಕಿವಿ ಕೆಂಪಾಯಿತು. ಕಂಬಳಿ ಅವನ ಕೈಯಲ್ಲೇ ಉಳಿಯಿತು.

ಯಜಮಾನ ಹತ್ತಿರ ಬಂದ. ನಾಟಕ ಸಾಕು, ಫೋಟೋ ಬೇಡ, ಇವಳೂ ಬೇಡ ಅಂದ. ಮುದ್ರೆಯ ಡಬ್ಬಿ ನಮ್ಮ ಹತ್ತಿರ ಇದೆ, ಮಲಗಲು ಊರಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ತಮ್ಮನ ಕಡೆ ತಿರುಗಿ “ಗಂಟು ಬಿಚ್ಚೋ” ಅಂದ.

ತಮ್ಮ ಕಂಬದ ಬಳಿ ಹೋಗಿ ಗಂಟಿನ ಮೇಲೆ ಕೈ ಇಟ್ಟ. ಅದು ಭಾರ ಬಿದ್ದಷ್ಟೂ ಬಿಗಿಯುವ ಗಂಟು. ಬೆರಳು ಆಡಿಸಿದ, ಎಳೆ ಜಗ್ಗಿದ. ಸೊಂಟದಲ್ಲಿ ಕತ್ತರಿ ನೇತಾಡುತ್ತಿತ್ತು. ಅವನ ಕೈ ಅಲ್ಲಿಗೆ ಹೋಗಲಿಲ್ಲ.

“ಆಳು ಇಳಿಯೋವರೆಗೂ ಇದು ಬಿಚ್ಚಲ್ಲ, ಸಾರ್,” ಅಂದ, ನೆಲ ನೋಡುತ್ತ.

ಯಜಮಾನ ಅವನನ್ನು ನೋಡಿದ, ಕತ್ತರಿಯನ್ನು ನೋಡಿದ. ಆಮೇಲೆ ಜೋಲಿಯ ಅಂಚಿಗೆ ಕೈ ಹಾಕಿ ಅಲ್ಲಾಡಿಸಿದ.

“ಇಳಿ ಕೆಳಗೆ.”

ಏಣಿಯಕ್ಕ ಎರಡು ತೋಳನ್ನೂ ತಲೆಯ ಹಿಂದಕ್ಕೆ ಹಾಕಿದಳು. ಈಗ ಮೊಣಕೈಗಳೂ ಬಟ್ಟೆಯಾಚೆ ಬಂದವು. ಮೈಯಲ್ಲಿ ಎಷ್ಟು ಉದ್ದ ಇತ್ತೋ ಅಷ್ಟನ್ನೂ ಅವಳು ಚಾಚಿದಳು.

“ಚೀಟಿ ಬದಲಾಯಿಸಿ,” ಅಂದಳು. “ಅಲ್ಲೀವರೆಗೂ ಇಳಿಯಲ್ಲ.”